ಬಾಲ ಯಾವ ಕಡೆಗೆ

ಫೆಬ್ರವರಿ ೩

ಅಪ್ಪಾ,

ಚಳಿಯೊಂದು ಬಿಟ್ಟರೆ ಬೆಟ್ಟದ ಮೇಲೆ ಎಲ್ಲರೂ ಕ್ಷೇಮ. ವೀಕ್ಷಣಾಲಯದ ಅಡುಗೆಯವನು ಮತ್ತೆ ರಜೆ ಹಾಕಿದ್ದಾನೆ, ಲೆಕ್ಕ ಹಾಕುವ ನಾವೇ ಸರದಿಯಲ್ಲಿ ಅಡುಗೆ ಮಾಡುತ್ತಿದ್ದೇವೆ. ನನ್ನ ಸರದಿ ಬಂದ ದಿನ ಎಲ್ಲರಿಗೂ ಹಸಿವೇ ಇರುವುದಿಲ್ಲ, ಯಾಕೋ ಗೊತ್ತಿಲ್ಲ.

ಈಗ ನಿನಗೊಂದು ಕೆಲಸ. ಬೆಳಗಿನ ಹೊತ್ತು ಪೂರ್ವದಲ್ಲಿ ಕಾಣುತ್ತಿದ್ದ ಬಾಲಚುಕ್ಕಿ ಸೂರ್ಯನ ಬೆಳಕಿನಲ್ಲಿ ಮುಳುಗಿಹೋಗಿದೆ. ಈ ತಿಂಗಳ ಕೊನೆಗೆ ಅದು ಸೂರ್ಯನನ್ನು ಸುತ್ತುಹಾಕಿ ಈಚೆಗೆ ಬರಬೇಕು. ಆಗ ಸಂಜೆ, ಸೂರ್ಯ ಮುಳುಗಿದ ಜಾಗದ ಬಲಕ್ಕೆ, ಸಮುದ್ರದ ಅಂಚಿಗೆ ಹತ್ತಿರದಲ್ಲಿ ಕಾಣಬೇಕು. ಲೆಕ್ಕ ನನ್ನದು. ಆದರೆ ನಮಗೆ ಪಶ್ಚಿಮಕ್ಕೆ ದೊಡ್ಡ ಗುಡ್ಡ ಅಡ್ಡ. ಬಂದರಿನಲ್ಲಿ ನಿನ್ನ ಕ್ರೇನಿನ ಕ್ಯಾಬಿನ್ನಿಗೆ ಯಾವ ಅಡ್ಡಿಯೂ ಇಲ್ಲ. ದಿನಾ ಸಂಜೆ ನೋಡಿ ಬರೆಯುತ್ತೀಯಾ? ಕೈ ಚಾಚಿ, ಸಮುದ್ರದ ಅಂಚಿನಿಂದ ಎಷ್ಟು ಮುಷ್ಟಿ ಮೇಲೆ ಅಂತ ಹೇಳಿದರೆ ಸಾಕು.

ಹೇಗೆ ಸುತ್ತುತ್ತದೆ ಅಂತ ಕೇಳಿದ್ದೆಯಲ್ಲ. ನಿನ್ನ ಕೊಕ್ಕೆಗೆ ಕಟ್ಟಿದ ಸರಕು ತೂಗಾಡುವುದನ್ನು ನೆನೆಸಿಕೋ. ಅತ್ತ ತುದಿಯಲ್ಲಿ ನಿಂತೇಹೋದ ಹಾಗಿರುತ್ತದೆ, ಕೆಳಗೆ ಬರುವಾಗ ಓಟ. ಬಾಲಚುಕ್ಕಿಯೂ ಸೂರ್ಯನಿಂದ ಬಹು ದೂರದಲ್ಲಿ ತೆವಳಿಕೊಂಡಿರುತ್ತದೆ. ಆಮೇಲೆ ಬೀಳುತ್ತಾ ಬೀಳುತ್ತಾ ವೇಗ ಏರುತ್ತದೆ. ನೇರವಾಗಿ ಸೂರ್ಯನೊಳಗೇ ಬೀಳಬೇಕಿತ್ತು, ಆದರೆ ಪಕ್ಕಕ್ಕೂ ಸ್ವಲ್ಪ ಓಟ ಇರುವುದರಿಂದ ತಪ್ಪಿಸಿಕೊಂಡು, ಅವನ ಬೆನ್ನ ಹಿಂದೆ ಗಿರಕಿ ಹೊಡೆದು, ಬಂದಷ್ಟೇ ರಭಸದಲ್ಲಿ ವಾಪಸು ಹೊರಡುತ್ತದೆ. ದೂರ ಹೋದಷ್ಟೂ ಮತ್ತೆ ನಿಧಾನ. ದೂರದಲ್ಲಿದ್ದಾಗ ಅದು ಧೂಳು ಮೆತ್ತಿದ ಮಂಜುಗಡ್ಡೆ, ಅಷ್ಟೇ. ಸೂರ್ಯನ ಹತ್ತಿರ ಬಂದಾಗಲೇ ಬಾಲ ಬಿಚ್ಚುವುದು. ನಿನ್ನ ಮಗಳೂ ಹಾಗೇ ಅಂತ ಅಮ್ಮ ಹೇಳುತ್ತಾಳೆ, ಹೇಳಲಿ.

ಕ್ರೇನಿನ ಕೆಳಗೆ ಸೀಟಿ ಊದುವ ನಮ್ಮ ಸೀಟಿ ಮಾವನಿಗೂ ತಿಳಿಸಿಬಿಡು. ತನ್ನ ಭಾವ ಸಂಜೆ ಹೊತ್ತು ಆಕಾಶ ನೋಡುತ್ತಾ ಕೂತರೆ ಬಯ್ಯುವುದು ಬೇಡ.

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಿ.
ನಿನ್ನ ಚುಕ್ಕಿ


ಫೆಬ್ರವರಿ ೧೦

ಚುಕ್ಕೀ,

ನಿನ್ನ ಕಾಗದ ಕ್ಯಾಬಿನ್ನಿಗೇ ಬಂತು. ನಿನ್ನ ಮಾವ ಅದನ್ನು ಕೊಕ್ಕೆಗೆ ಕಟ್ಟಿ ಮೇಲೆ ಕಳಿಸಿದ. ಆನೆ ಎತ್ತುವ ಕೊಕ್ಕೆಯಲ್ಲಿ ಒಂದು ಲಕೋಟೆ. ತಾನೇ ತಂದುಕೊಡಲು ಅವನಿಗೇನು ರೋಗ ಅಂತ ಕೇಳಬೇಡ, ಎತ್ತರ ಎಂದರೆ ಅವನಿಗೆ ಭಯ. ಈ ಕೆಲಸಕ್ಕೆ ಸೇರಿ ತಲೆ ನರೆಯಿತು, ಇವತ್ತಿಗೂ ಏಣಿಯ ಮೂರನೇ ಮೆಟ್ಟಿಲು ದಾಟಿಲ್ಲ. ಆದರೆ ಸರಕಿನ ಪಕ್ಕ ನಿಲ್ಲಲು ಮಾತ್ರ ಅಂಜುವುದಿಲ್ಲ. ಮೇಲಿನಿಂದ ನನ್ನ ಕಣ್ಣು ಅವನನ್ನು ಕಾಯುತ್ತದೆ, ಕೆಳಗಿನಿಂದ ಅವನ ಸೀಟಿ ನನ್ನನ್ನು ಕಾಯುತ್ತದೆ. ಸೀಟಿ ಕೇಳದೆ ನಾನು ಲೀವರ್ ಮುಟ್ಟಿದವನಲ್ಲ. ಅಷ್ಟು ವರ್ಷದಲ್ಲಿ ಯಾರ ಉಗುರಿಗೂ ಗಾಯವಾಗಿಲ್ಲ.

ಮಾರ್ಚ್ ಹದಿನೇಳು, ಸೋಮವಾರ, ದೊಡ್ಡ ದಿನ. ವಿದ್ಯುತ್ ಕೇಂದ್ರಕ್ಕೆ ಒಂದು ಜನರೇಟರ್ ಬರುತ್ತಿದೆ, ನಮ್ಮ ಮನೆಗಿಂತ ದೊಡ್ಡದಂತೆ. ಹಡಗಿನಿಂದ ಎತ್ತಿ ಲಾರಿಯ ಮೇಲೆ ಕೂರಿಸಬೇಕು. ಅಷ್ಟು ತೂಕ ಈ ಬಂದರಿನಲ್ಲಿ ಯಾರೂ ಎತ್ತಿಲ್ಲ. ಸಾಹೇಬರು ನನ್ನ ಹೆಸರು ಬಿಟ್ಟು ಬೇರೆ ಹೆಸರು ಬಾಯಿಗೆ ತರಲಿಲ್ಲ. ನಿವೃತ್ತಿಗೆ ಮುಂಚೆ ಇದೊಂದು ಎತ್ತಿಬಿಟ್ಟರೆ ಸಾಕು, ಆಮೇಲೆ ನಿನ್ನ ಅಮ್ಮ ಎತ್ತಲು ಹೇಳಿದ್ದನ್ನು ಎತ್ತಿಕೊಂಡಿರುತ್ತೇನೆ.

ನೀನು ಕೆಲಸಕ್ಕೆ ಹೊರಟ ದಿನ ಯಾಕೋ ನೆನಪಾಯಿತು. ನಿನ್ನ ಮಾವ ಪೆಟ್ಟಿಗೆ ಹೊತ್ತು ಮುಂದೆ ಹೋಗುತ್ತಿದ್ದ. ನೀನು ಮುಖ ಕ್ರೇನಿನ ಕಡೆಗೆ ಮಾಡಿಕೊಂಡು, ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಗೇಟಿನವರೆಗೂ ನನಗೆ ಕೈ ಬೀಸುತ್ತಾ ಹೋದೆ. ಹಗ್ಗಕ್ಕೆ ಎಡವಿ ಬಿದ್ದದ್ದನ್ನೂ ನೋಡಿದೆ. ನೀನು ಬಿದ್ದಿಲ್ಲ ಅಂತ ಬರೆದಿದ್ದೆ.

ಬಾಲಚುಕ್ಕಿಗಾಗಿ ಕ್ಯಾಬಿನ್ನಿನ ಗಾಜು ತೊಳೆಸಿದ್ದೇನೆ. ಉಪ್ಪುಗಾಳಿಯ ಕಲೆ, ಎಷ್ಟು ಒರೆಸಿದರೂ ಒಂದೆರಡು ಹೋಗುತ್ತಿಲ್ಲ.

ನೆಲಕ್ಕಿಂತ ಮೇಲೆ, ಆಕಾಶಕ್ಕಿಂತ ಕೆಳಗೆ,
ನಿನ್ನ ಅಪ್ಪ


ಫೆಬ್ರವರಿ ೨೧

ಚುಕ್ಕೀ,

ಕಂಡಿತು. ನಿನ್ನ ಲೆಕ್ಕಕ್ಕಿಂತ ಮೊದಲೇ ಕಂಡಿತು. ನಿನ್ನೆ ಸಂಜೆ ಕೊನೆಯ ಸರಕು ಇಳಿಸಿ ತಲೆ ಎತ್ತಿದೆ, ಸೂರ್ಯ ಮುಳುಗಿದ ಜಾಗದ ಬಲಕ್ಕೆ, ಎರಡು ಮುಷ್ಟಿ ಮೇಲೆ ನಿಂತಿದೆ. ಬೆಳ್ಳಗೆ ಹೊಳೆಯುತ್ತದೆ ಅಂದುಕೊಂಡಿದ್ದೆ, ಇದು ಬೂದು ಬಣ್ಣದ ಹೊಗೆ. ಧೂಮಕೇತು ಅಂತ ಸುಮ್ಮನೆ ಹೆಸರಿಟ್ಟಿಲ್ಲ. ನಾಚಿಕೆ ಬಹಳ ಅದಕ್ಕೆ, ನೆಟ್ಟ ನೋಟದಿಂದ ಹಿಡಿಯಲು ಹೋದರೆ ಪಕ್ಕಕ್ಕೆ ಜಾರುತ್ತದೆ.

ನಿನ್ನ ಮಾವನನ್ನು ಕೂಗಿ ತೋರಿಸಿದೆ. ಏನೂ ಕಾಣಲ್ಲ ಅಂದ. ನೆಲದ ಮೇಲೆ ನಿಂತವನಿಗೆ ಏನು ಕಂಡೀತು?

ಇಡೀ ಬಂದರಿನಲ್ಲಿ ಮೊದಲು ಕಂಡವನು, ನಿನ್ನ ಅಪ್ಪ


ಫೆಬ್ರವರಿ ೨೬

ಅಪ್ಪಾ,

ನನಗೆ ಕೋಡು ಬಂದ ಹಾಗಾಗಿದೆ. ನಿನ್ನ ಕಾಗದ ಹಿಡಿದುಕೊಂಡು ದೊಡ್ಡ ಮೇಡಂ ಕೋಣೆಗೆ ಓಡಿದೆ. ಅವರು ಸುಲಭಕ್ಕೆ ಯಾವುದನ್ನೂ ಒಪ್ಪುವವರಲ್ಲ. ನೋಡಿದವರು ಯಾರು ಅಂದರು. ನಮ್ಮಪ್ಪ, ಅವರ ಕಣ್ಣು ತಪ್ಪುವುದಿಲ್ಲ ಅಂದೆ.

ಎರಡು ಮುಷ್ಟಿ ಮೇಲೆ ಎಂದರೆ ಬಾಲಚುಕ್ಕಿ ನನ್ನ ಲೆಕ್ಕಕ್ಕಿಂತ ಬಹಳ ಮುಂದೆ ಓಡಿದೆ. ಹಾಗಾಗುವುದುಂಟು. ಬಿಸಿಲಿಗೆ ಮಂಜುಗಡ್ಡೆ ಕಾದು ಆವಿ ಚಿಮ್ಮುತ್ತದೆ, ಆ ಚಿಮ್ಮುವಿಕೆಯೇ ಅದನ್ನು ಮುಂದಕ್ಕೋ ಹಿಂದಕ್ಕೋ ತಳ್ಳುತ್ತದೆ. ನಿನ್ನ ಎರಡು ಮುಷ್ಟಿ ಸೇರಿಸಿ ಹೊಸದಾಗಿ ದಾರಿ ಲೆಕ್ಕ ಹಾಕಿದ್ದೇನೆ. ನನ್ನ ಹೆಸರಿನಲ್ಲಿ ಬೇರೆ ವೀಕ್ಷಣಾಲಯಗಳಿಗೆಲ್ಲ ಹೋಗಿದೆ. ತಪ್ಪಿದರೆ ನನ್ನ ಮಾನ ಹೋಗುತ್ತದೆ, ಆದರೆ ತಪ್ಪುವುದಿಲ್ಲ. ಇನ್ನು ಮೇಲೆ ದಿನಾ ಬರಿ. ಸಾಧ್ಯವಾದರೆ ಚಿತ್ರವನ್ನೂ ಹಾಕು.

ಇಲ್ಲಿ ಗುಡ್ಡ ಕುಸಿದು ಕೆಳಗಿನ ರಸ್ತೆ ಮುಚ್ಚಿದೆ, ಟೆಲಿಫೋನ್ ತಂತಿಯೂ ಅದರಡಿ ಹೋಗಿದೆ. ಟಪಾಲನ್ನು ಮಾತ್ರ ಇಬ್ಬರು ಕಾಲುದಾರಿಯಲ್ಲಿ ಹೊತ್ತು ಇಳಿಸುತ್ತಾರೆ. ಸದ್ಯಕ್ಕೆ ನನಗೂ ಲೋಕಕ್ಕೂ ಕಾಗದವೇ ಗತಿ.

ನೆಲಕ್ಕೆ ಕಾಲು ತಾಗದ, ಚುಕ್ಕಿ


ಮಾರ್ಚ್ ೧

ಚುಕ್ಕೀ,

ಅಪ್ಪನ ಮಾತು ಮೇಡಂವರೆಗೂ ಹೋಯಿತಲ್ಲ. ಆ ಕಾಗದವನ್ನು ನಿನ್ನ ಅಮ್ಮನ ಕೈಯಲ್ಲಿ ಎರಡು ಸಲ ಓದಿಸಿದೆ.

ಇನ್ನು ಬಾಲಚುಕ್ಕಿಯ ವರದಿ. ಇಪ್ಪತ್ತೈದರಂದು ಮೂರು ಮುಷ್ಟಿ ಮೇಲೆ. ಮರುದಿನ ಒಂದೇ ಮುಷ್ಟಿ. ಅದರ ಮರುದಿನ ಬಲ ಬಿಟ್ಟು ಎಡಕ್ಕೆ ಬಂದಿತ್ತು. ನಿನ್ನೆ ಮಧ್ಯಾಹ್ನವೇ ಹಡಗಿನ ಕಂಬದ ಮೇಲೆ ಕಂಡೆ. ಬಹಳ ಚುರುಕು. ಚಿತ್ರ ಹಾಕಿದ್ದೇನೆ ನೋಡು. ಬಾಲ ಕೆಳಕ್ಕೆ, ಸೂರ್ಯ ಮುಳುಗಿದ ಕಡೆಗೆ ಚಾಚಿದೆ. ಸೂರ್ಯನಿಂದ ಹೊರಟು ಬರುವಾಗ ಬಾಲ ಹಿಂದೆ ಉಳಿಯಲೇಬೇಕಲ್ಲ, ನಾಯಿ ಓಡುವಾಗ ಬಾಲ ಮುಂದೆ ಬರುತ್ತದೆಯೇ? ಒಮ್ಮೊಮ್ಮೆ ತಲೆ ತಿರುಗಿಸಿದಾಗ ಅಂಚಿನಲ್ಲಿ ಮಿಂಚೂ ಹೊಡೆಯುತ್ತದೆ.

ಗಾಜು ಮತ್ತೆ ತೊಳೆಸಿದೆ. ಬಲಗಡೆ ಕೆಳಮೂಲೆಯಲ್ಲಿ ಏನೋ ಕಪ್ಪು ಮೆತ್ತಿದೆ, ಸೋಪಿಗೂ ಜಗ್ಗುತ್ತಿಲ್ಲ. ಅದರ ದೆಸೆಯಿಂದ ಮೊನ್ನೆ ಒಂದು ಪೆಟ್ಟಿಗೆ ಲಾರಿಯ ಅಂಚಿಗೆ ತಗುಲಿತು. ಏನೂ ಆಗಲಿಲ್ಲ. ನಿನ್ನ ಮಾವ ಎಗರಿ ಪಕ್ಕಕ್ಕೆ ಹಾರಿದ, ವಯಸ್ಸಿಗೆ ಮೀರಿದ ಹಾರಾಟ. ನಕ್ಕೆವು.

ದಿನಾ ಬರೆಯುವ, ಅಪ್ಪ


ಮಾರ್ಚ್ ೬

ಅಪ್ಪಾ,

ಈ ಕಾಗದವನ್ನು ಕೂತು ಓದು. ಕ್ಯಾಬಿನ್ನಿನಲ್ಲಿ ಓದಬೇಡ.

ಬಾಲಚುಕ್ಕಿ ಸಿಕ್ಕಿದೆ. ಮೊನ್ನೆ ಮೂರು ಬೇರೆ ವೀಕ್ಷಣಾಲಯದವರಿಗೆ ಕಂಡಿದೆ, ಸಮುದ್ರದ ಅಂಚಿಗೆ ಹತ್ತಿರ, ನನ್ನ ಮೊದಲ ಲೆಕ್ಕ ಹೇಳಿದ ಜಾಗದಲ್ಲೇ. ನೀನು ಎರಡು ಮುಷ್ಟಿ ಮೇಲೆ ಕಂಡೆ ಎಂದ ದಿನ ಅದು ಇನ್ನೂ ಸೂರ್ಯನ ಮಗ್ಗುಲಲ್ಲೇ ಇತ್ತು. ಯಾರ ಕಣ್ಣಿಗೂ ಕಾಣಲು ಸಾಧ್ಯವಿರಲಿಲ್ಲ.

ನನ್ನ ಹೊಸ ಲೆಕ್ಕವನ್ನು ವಾಪಸು ತೆಗೆದುಕೊಂಡೆ. "ಅಂಕಿಗಳಿಗೆ ಅಪ್ಪ ಅಮ್ಮ ಇರಲ್ಲಮ್ಮ" ಅಂದರು ಮೇಡಂ, ಅಷ್ಟೇ. ನಾಚಿಕೆಯಾಯಿತು, ಅದು ಹೋಗಲಿ. ನನಗೆ ನಿದ್ದೆ ಕೆಡಿಸಿರುವುದು ನಿನ್ನ ಚಿತ್ರ. ಬಾಲದ ವಿಷಯ ನಾನು ನಿನಗೆ ಬರೆದಿರಲಿಲ್ಲ. ಬಾಲ ಹಿಂದೆ ಉಳಿಯುವಂಥದ್ದಲ್ಲ ಅಪ್ಪ. ಸೂರ್ಯನ ಬೆಳಕೂ ಅವನಿಂದ ಬೀಸುವ ಗಾಳಿಯೂ ಅದನ್ನು ಆಚೆಗೆ ತಳ್ಳುತ್ತವೆ. ಬರುವಾಗಲೂ ಹೋಗುವಾಗಲೂ ಬಾಲ ಸೂರ್ಯನಿಗೆ ವಿರುದ್ಧ ದಿಕ್ಕಿನಲ್ಲೇ. ವಾಪಸು ಹೋಗುವ ಬಾಲಚುಕ್ಕಿಯ ಬಾಲ ಮುಂದಿರುತ್ತದೆ, ತಲೆ ಸೂರ್ಯನ ಕಡೆಗಿರುತ್ತದೆ. ಸೂರ್ಯನ ಕಡೆಗೆ ಬಾಲ ಚಾಚಿದ, ಒಂದು ದಿನ ಏರಿ ಮರುದಿನ ಇಳಿಯುವ, ಎಡಕ್ಕೂ ಬಲಕ್ಕೂ ಜಿಗಿಯುವ ಬಾಲಚುಕ್ಕಿ ಆಕಾಶದಲ್ಲಿಲ್ಲ. ಆಕಾಶದಲ್ಲಿ ಇಲ್ಲದ್ದು ನಿನಗೆ ಕಾಣುತ್ತಿದೆ ಎಂದರೆ ಅದು ಎಲ್ಲಿದೆ?

ಇಲ್ಲಿನ ಡಾಕ್ಟರನ್ನು ಕೇಳಿದೆ. ಹೊಗೆ, ಮಿಂಚು, ಮೂಲೆಯಲ್ಲಿ ಕಪ್ಪು, ಮೂರನ್ನೂ ಹೇಳಿದೆ. ಕಣ್ಣಿನ ಒಳಪರದೆ ಹರಿದು ಕಳಚುವಾಗ ಹೀಗೇ ಆಗುತ್ತದಂತೆ. ಬೇಗ ಚಿಕಿತ್ಸೆ ಮಾಡಿದರೆ ಉಳಿಯುತ್ತದೆ, ತಡಮಾಡಿದರೆ ಇಲ್ಲ. ಗಾಜು ಒರೆಸಿದರೆ ಹೋಗುವ ಕಲೆ ಅಲ್ಲ ಅದು.

ಒಂದು ಕಣ್ಣು ಮುಚ್ಚಿ ನೋಡು. ಆಮೇಲೆ ಇನ್ನೊಂದು. ಕಣ್ಣಿನ ಡಾಕ್ಟರಿಗೆ ತೋರಿಸುವವರೆಗೆ ಮೇಲೆ ಹತ್ತಬೇಡ. ಕೆಳಗೆ ಮಾವ ನಿಂತಿರುತ್ತಾನೆ.

ಭಯದಲ್ಲಿ, ಚುಕ್ಕಿ


ಮಾರ್ಚ್ ೧೦

ಮಗಳಿಗೆ,

ಎರಡೂ ಕಣ್ಣು ಮುಚ್ಚಿ ನೋಡಿದೆ. ಎರಡೂ ಸರಿಯಾಗಿವೆ. ನಿನ್ನ ಲೆಕ್ಕ ತಪ್ಪಿದ್ದಕ್ಕೆ ಅಪ್ಪನ ಕಣ್ಣಿಗೆ ರೋಗ ಹಚ್ಚಬೇಡ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ.

ನಾನು ಪ್ರತ್ಯಕ್ಷವಾಗಿ ಕಂಡದ್ದನ್ನು ಬರೆದೆ. ಈ ಕಣ್ಣಿನಿಂದಲೇ ನಿನ್ನನ್ನು ಓದಿಸಿದ್ದು. ನಾಲ್ಕು ಅಕ್ಷರ ಕಲಿತು ಅಪ್ಪನ ಮುಂದೆ ಬಾಲ ಬಿಚ್ಚಬೇಡ.

ಸೋಮವಾರದ ಕೆಲಸ ನಾನೇ ಮಾಡುತ್ತೇನೆ. ಈ ವಿಷಯ ಆಫೀಸಿಗೆ ಬರೆದರೆ ನೀನು ಮಗಳಲ್ಲ.

ಅಪ್ಪ


ಮಾರ್ಚ್ ೧೨

ಸೀಟಿ ಮಾವಾ,

ಅಪ್ಪನ ಕಾಗದ ಈಗ ಬಂತು. ಟಪಾಲಿನವರು ಹೊರಟು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಅಪ್ಪನ ಬಲಗಣ್ಣು ಹೋಗುತ್ತಿದೆ. ಎರಡೂ ಸರಿ ಅಂತ ಬರೆದಿದ್ದಾನೆ, ಆದರೆ ಆ ಕಾಗದದಲ್ಲಿ ಸಾಲಿನ ಮೇಲೆ ಸಾಲು ಹತ್ತಿದೆ. ಅವನ ಕೈ ಯಾವತ್ತೂ ಹಾಗೆ ಬರೆದದ್ದಿಲ್ಲ.

ನನಗೆ ಬೆಟ್ಟ ಇಳಿಯಲು ಬಿಡುತ್ತಿಲ್ಲ, ಇನ್ನೂ ಕಲ್ಲು ಉರುಳುತ್ತಿದೆ. ನೀನೇ ಹೇಳು ಮಾವ. ಆ ಪೆಟ್ಟಿಗೆ ತಗುಲಿದ ದಿನ ನಿಜವಾಗಿ ಏನಾಯಿತು? ಸೋಮವಾರ ಅವನನ್ನು ಮೇಲೆ ಹತ್ತಲು ಬಿಡಬೇಡ. ಅವನ ಕೈಯಲ್ಲಿ ನಿನಗೆ ಏನಾದರೂ ಆದರೆ ಅವನು ಬದುಕುವುದಿಲ್ಲ. ನನಗೆ ಗೊತ್ತು, ನಿನಗೂ ಗೊತ್ತು.

ನಿನ್ನ ಹೆಗಲ ಮೇಲೆ ಬೆಳೆದ, ಚುಕ್ಕಿ


ಮಾರ್ಚ್ ೧೬, ಭಾನುವಾರ

ಚುಕ್ಕಿ ಮಗಳಿಗೆ,

ನನಗೆ ಸೀಟಿ ಊದಲು ಬರುತ್ತದೆ, ಬರೆಯಲು ಬರುವುದಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಆ ಪೆಟ್ಟಿಗೆ ನನ್ನ ತಲೆಯ ಪಕ್ಕದಲ್ಲೇ ಹಾದುಹೋಯಿತು. ನಾನು ನಿಲ್ಲು ಅಂತ ಕೈ ತೋರಿಸಿದೆ, ಭಾವ ನಿಲ್ಲಿಸಲಿಲ್ಲ. ನನ್ನ ಕೈ ಅವರಿಗೆ ಕಾಣಲಿಲ್ಲ. ಅವತ್ತೇ ತಿಳಿಯಿತು, ಆದರೂ ನಕ್ಕೆ. ಅಕ್ಕನಿಗೂ ಹೇಳಲಿಲ್ಲ. ಭಾವ ಇಲ್ಲದಿದ್ದರೆ ನನಗೆ ಈ ಕೆಲಸವೂ ಇಲ್ಲ, ಮನೆಯೂ ಇಲ್ಲ. ಆ ಮನುಷ್ಯನನ್ನು ಕ್ರೇನಿನಿಂದ ಇಳಿಸಿದರೆ ಅರ್ಧ ಪ್ರಾಣ ಹೋದಂತೆ. ಆಫೀಸಿಗೆ ಹೇಳಿದರೆ ಕಳಂಕ ಹೊರಿಸಿ ಕಳಿಸುತ್ತಾರೆ. ಹೇಳದಿದ್ದರೆ ನಾಳೆ ಆ ಜನರೇಟರಿನ ಸುತ್ತ ಹಗ್ಗ ಹಿಡಿದು ನಿಲ್ಲುವವರಲ್ಲಿ ಹೆಂಡತಿ ಮಕ್ಕಳಿರುವವರಿದ್ದಾರೆ. ಅತ್ತ ದರಿ, ಇತ್ತ ಪುಲಿ.

ಸಂಜೆ ಮನೆಗೆ ಹೋಗಿ ಭಾವ, ನಾಳೆ ಬೇಡ ಅಂದೆ. ಬಾಗಿಲು ತೋರಿಸಿದರು.

ನಾಳೆ ಏನು ಮಾಡಬೇಕೋ ಗೊತ್ತಿಲ್ಲ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಆಗಬೇಕಾದ್ದು ಆಗಿರುತ್ತದೆ.

ನಿನ್ನ ಮಾವ


ಮಾರ್ಚ್ ೧೭, ಸೋಮವಾರ

ಅಪ್ಪಾ,

ಇದು ನಿನಗೆ ಯಾವಾಗ ಸಿಗುತ್ತದೋ. ಬೆಳಗ್ಗೆಯಿಂದ ಒಂದು ಅಂಕಿಯನ್ನೂ ಕೂಡಲು ಆಗಿಲ್ಲ. ಈ ಬಾಲಚುಕ್ಕಿ ಮುಂದಿನ ವರ್ಷ ಈ ಹೊತ್ತಿಗೆ ಎಲ್ಲಿರುತ್ತದೆ ಅಂತ ಕೇಳಿದರೆ ಹೇಳಬಲ್ಲೆ. ನೀನು ಈಗ ಎಲ್ಲಿದ್ದೀಯ ಅಂತ ಹೇಳಲಾರೆ.

ಪ್ರತ್ಯಕ್ಷವಾಗಿ ಕಂಡೆ ಅಂತ ಬರೆದಿದ್ದೆ. ಆ ಗಾದೆಯನ್ನು ನನಗೆ ಕಲಿಸಿದವನು ನೀನೇ, ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ. ಅರ್ಧ ಬಿಟ್ಟೆಯಲ್ಲ ಅಪ್ಪ.

ನಾನು ಆಫೀಸಿಗೆ ಬರೆದಿಲ್ಲ. ನಿನ್ನ ಬೆದರಿಕೆಗೆ ಹೆದರಿದೆ. ಹಾಗೆ ಹೆದರಿದ್ದಕ್ಕೆ ಈಗ ಇನ್ನೂ ಹೆದರಿಕೆಯಾಗುತ್ತಿದೆ.

ಮಗಳು ಹೌದೋ ಅಲ್ಲವೋ ತಿಳಿಯದ, ಚುಕ್ಕಿ


ಮಾರ್ಚ್ ೧೮

ಚುಕ್ಕಿ ಮಗಳಿಗೆ,

ಯಾರಿಗೂ ಏನೂ ಆಗಿಲ್ಲ. ಮೊದಲು ಅದನ್ನು ಬರೆಯುತ್ತೇನೆ.

ನಿನ್ನೆ ಬೆಳಗ್ಗೆ ಇಡೀ ಬಂದರೇ ಅಲ್ಲಿತ್ತು. ಜನರೇಟರಿಗೆ ಉಕ್ಕಿನ ಹಗ್ಗ ಬಿಗಿದಾಗಿತ್ತು. ಸಾಹೇಬರು ಕೊಡೆ ಹಿಡಿಸಿಕೊಂಡು ನಿಂತಿದ್ದರು. ಭಾವ ಮೇಲೆ ಹತ್ತಿ ಕೂತರು, ಇಂಜಿನ್ನು ಶುರುವಾಯಿತು. ನಾನು ನನ್ನ ಜಾಗದಲ್ಲಿ ನಿಂತು ಸೀಟಿ ಬಾಯಿಗಿಟ್ಟೆ. ಊದಲು ಉಸಿರೇ ಬರಲಿಲ್ಲ.

ಸಾಹೇಬರು ಕೂಗಿದರು. ಹಗ್ಗ ಹಿಡಿದವರು ನನ್ನ ಮುಖ ನೋಡಿದರು. ಮೇಲಿನಿಂದ ಭಾವ ಧ್ವನಿವರ್ಧಕದಲ್ಲಿ ಊದೋ ಅಂದರು. ಸೀಟಿ ಇಲ್ಲದೆ ಅವರು ಲೀವರ್ ಮುಟ್ಟುವುದಿಲ್ಲ ಅಂತ ನನಗೆ ಗೊತ್ತಲ್ಲ. ನಾನು ಸೀಟಿ ಬಾಯಿಂದ ತೆಗೆದೆ. ಎಲ್ಲರ ಮುಂದೆ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ಭಾವ, ಎಡಗಣ್ಣು ಮುಚ್ಕೊಂಡು ನನ್ನ ನೋಡಿ. ನಾನು ಪೂರ್ತಿ ಕಾಣಿಸ್ತೀನಿ ಅಂತ ನೀವಂದ್ರೆ ಸಾಕು, ಊದ್ತೀನಿ."

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಇಂಜಿನ್ನು ನಿಂತಿತು. ಏಣಿ ಇಳಿದು ಬಂದರು, ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡವಿ ತಡವಿ. ಗಾಳಿ ಸರಿಯಿಲ್ಲ ಅಂತ ಸಾಹೇಬರಿಗೆ ಹೇಳಿ, ನನ್ನ ಮುಖವನ್ನೂ ನೋಡದೆ ಹೊರಟುಹೋದರು. ಎಲೆ ಅಲುಗುವಷ್ಟು ಗಾಳಿಯೂ ಇರಲಿಲ್ಲ.

ಮಧ್ಯಾಹ್ನ ಅಕ್ಕ ಕಣ್ಣಾಸ್ಪತ್ರೆಗೆ ಸೇರಿಸಿದಳು. ಇವತ್ತು ಆಪರೇಷನ್ ಆಯಿತು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೇನೆ, ಒಳಗೆ ಬರಬೇಡ ಅಂತ ಭಾವ ಅಂದಿದ್ದಾರಂತೆ.

ನಿನ್ನ ಮಾವ


ಮಾರ್ಚ್ ೨೪

ಅಪ್ಪಾ,

ರಸ್ತೆ ಇನ್ನೂ ತೆರೆದಿಲ್ಲ, ತೆರೆದ ದಿನವೇ ಹೊರಡುತ್ತೇನೆ. ಮೇಡಂ ರಜೆ ಕೊಟ್ಟಿದ್ದಾರೆ. ಪಟ್ಟಿ ಬಿಚ್ಚುವವರೆಗೆ ಅಲುಗಾಡಬೇಡ, ಅಮ್ಮನ ಮಾತು ಕೇಳು.

ಬಾಲಚುಕ್ಕಿ ಇನ್ನು ಕೆಲವು ಸಂಜೆ ಮಾತ್ರ ಬರಿಗಣ್ಣಿಗೆ ಕಾಣುತ್ತದೆ. ಈಗ ನಿಧಾನವಾಗುತ್ತಿದೆ, ಮಸುಕಾಗುತ್ತಿದೆ. ಏಪ್ರಿಲ್ ಒಂದರ ಸಂಜೆ ಸೂರ್ಯ ಮುಳುಗಿದ ಜಾಗದಿಂದ ಬಲಕ್ಕೆ ಒಂದು ಮುಷ್ಟಿ, ಸಮುದ್ರದ ಅಂಚಿನಿಂದ ಮೇಲಕ್ಕೆ ಎರಡು ಮುಷ್ಟಿ. ನಿನಗೆ ನೋಡಲಾಗದು ಅಂತ ಗೊತ್ತು. ಆದರೂ ಮೊದಲು ನಿನಗೇ ತಿಳಿಸಬೇಕು ಅನ್ನಿಸಿತು.

ಮಾವನನ್ನು ಒಳಗೆ ಕರಿ ಅಪ್ಪ.

ಚುಕ್ಕಿ


ಏಪ್ರಿಲ್ ೨

ಚುಕ್ಕೀ,

ಅಕ್ಷರ ದಪ್ಪ ಇದ್ದರೆ ಸಹಿಸಿಕೋ, ಎಡಗಣ್ಣೊಂದರಲ್ಲೇ ಬರೆಯುತ್ತಿದ್ದೇನೆ. ಪಟ್ಟಿ ಬಿಚ್ಚಿ ನೋಡಿದಾಗ ಬಲಗಣ್ಣಿಗೆ ಬೆಳಕು ತಿಳಿಯುತ್ತದೆ, ಅಂಚು ತಿಳಿಯುವುದಿಲ್ಲ. ಇನ್ನು ಒಂದು ವಾರ ತಡವಾಗಿದ್ದರೆ ಅಷ್ಟೂ ಇರುತ್ತಿರಲಿಲ್ಲ ಅಂದರು ಡಾಕ್ಟರು. ಕ್ರೇನು ಮುಗಿಯಿತು. ಬೇರೆ ಬಂದರಿನಿಂದ ಒಬ್ಬ ಹುಡುಗನನ್ನು ಕರೆಸಿ ಜನರೇಟರ್ ಇಳಿಸಿದರು. ಸ್ವಲ್ಪ ಸೊಟ್ಟಗೆ ಕೂತಿದೆಯಂತೆ. ಕೇಳಿ ಸಂತೋಷವಾಯಿತು, ದೇವರು ಕ್ಷಮಿಸಲಿ.

ಅವತ್ತು ಕ್ಯಾಬಿನ್ನಿನಲ್ಲಿ ಎಡಗಣ್ಣು ಮುಚ್ಚಿದೆ. ನಿನ್ನ ಮಾವ ಸೊಂಟದಿಂದ ಕೆಳಗೆ ಇರಲಿಲ್ಲ. ಅರ್ಧ ಮನುಷ್ಯ, ಕೈಯಲ್ಲಿ ಸೀಟಿ ಹಿಡಿದು ನಿಂತಿದ್ದ. ನಿನ್ನ ಕಾಗದ ಬಂದ ದಿನ ಹೀಗೆ ಮುಚ್ಚಿ ನೋಡಿರಲೇ ಇಲ್ಲ. ನೋಡಲು ಹೆದರಿಕೆಯಾಗಿತ್ತು. ಆಮೇಲೂ ಅವನ ಮೇಲೆ ಸಿಟ್ಟು ಇಳಿಯಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ದಿನಗಟ್ಟಲೆ ಕೂರಿಸಿದೆ.

ನಿನ್ನ ಕಾಗದವನ್ನು ಅಮ್ಮ ಓದಿದಳು. ನಿನ್ನೆ ಸಂಜೆ ಅವನನ್ನು ಕರೆದುಕೊಂಡು ಕ್ರೇನಿನ ಹತ್ತಿರ ಹೋದೆ. ಸೀಟಿ ಇಲ್ಲಿ ಕೊಡು, ನೀನು ಮೇಲೆ ಹತ್ತು ಅಂದೆ. ಅವನು ಏಣಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಹತ್ತಲು ಬಿಡುವುದಿಲ್ಲವಲ್ಲ, ನನ್ನ ಬದಲು ನೀನೇ ನೋಡಬೇಕು ಅಂದೆ. ಕಣ್ಣು ಮುಚ್ಚಿಕೊಂಡೇ ಹತ್ತಿದ, ಪ್ರತಿ ಮೆಟ್ಟಿಲಿಗೂ ಅಕ್ಕನನ್ನು ಕೂಗುತ್ತಾ. ನಾನು ಕೆಳಗೆ ಅವನ ಜಾಗದಲ್ಲೇ ನಿಂತು ಸೀಟಿ ಊದಿ ದಾರಿ ಹೇಳಿದೆ. ಮೇಲಕ್ಕೆ, ಬಲಕ್ಕೆ, ಇನ್ನೂ ಸ್ವಲ್ಪ. ನಿನ್ನ ಮುಷ್ಟಿಗಳ ಪ್ರಕಾರವೇ.

ಬಹಳ ಹೊತ್ತಿನ ಮೇಲೆ ಕೂಗಿದ: "ಕಾಣ್ತು ಭಾವ. ಬಾಲ ಮೇಲಕ್ಕಿದೆ. ತಲೆ ಸೂರ್ಯನ ಕಡೆಗೇ ಇದೆ."

ನಿನ್ನ ಲೆಕ್ಕ ಸರಿ. ಹೋಗುತ್ತಿರುವುದು ಹೌದು, ಆದರೆ ಮುಖ ಇತ್ತ ಕಡೆಗೇ ಇಟ್ಟುಕೊಂಡು ಹಿಂದು ಹಿಂದಕ್ಕೆ ಹೋಗುತ್ತಿದೆ. ಪೆಟ್ಟಿಗೆ ಮುಂದೆ ಕಳಿಸಿ ನೀನು ಗೇಟಿನವರೆಗೆ ಹೋದ ಹಾಗೆ. ನನಗೆ ಅಳು ಬಂತು. ಪಟ್ಟಿ ಒದ್ದೆಯಾಯಿತು ಅಂತ ಅಮ್ಮ ಬಯ್ದಳು.

ಮಗಳಲ್ಲ ಅಂತ ಬರೆದದ್ದನ್ನು ಹರಿದು ಹಾಕು. ಎಡವದೆ ಬಾ.

ಆಮೇಲೆ ನಿನ್ನ ಮಾವ ಮೇಲಿನಿಂದ ಭಾವ, ಇಳಿಯಲೇ ಅಂತ ಕೇಳಿದ. ಸೀಟಿ ಇಲ್ಲದೆ ಇಳಿಯುವಂತಿಲ್ಲವಲ್ಲ. ನಾನು ಸೀಟಿ ಬಾಯಿಗಿಟ್ಟುಕೊಂಡು ಸುಮ್ಮನೆ ನಿಂತೆ. ಆ ಸೋಮವಾರ ಅವನು ನನ್ನನ್ನು ಕಾಯಿಸಿದಷ್ಟೇ ಹೊತ್ತು ನಿಂತೆ. ಆಮೇಲೆ ಊದಿದೆ.

ನೆಲದ ಮೇಲಿನಿಂದ,
ನಿನ್ನ ಅಪ್ಪ